ಹಳೇ ಹೆಂಚಿನ ಮನೆ: ಗಾಳಿಕಿಂಡಿ ಮುಚ್ಚಿದ್ದು ತಪ್ಪಾಯ್ತಾ?

ಮಳೆಗಾಲದವ: ತೀರ್ಥಹಳ್ಳಿ ಹತ್ತಿರ ನಮ್ಮದು ಹಳೇ ಹೆಂಚಿನ ಮನೆ. ಅಮ್ಮನಿಗೆ ಶೀತಗಾಳಿ ಆಗುವುದಿಲ್ಲ ಅಂತ ಹೋದ ವರ್ಷ ಗಾಳಿಕಿಂಡಿಗಳಿಗೆಲ್ಲ ಫೋಮ್ ತುಂಬಿಸಿ, ಹೆಂಚಿನ ಕೆಳಗೆ ಪಿವಿಸಿ ಸೀಲಿಂಗ್ ಹಾಕಿಸಿದೆ. ಈಗ ಬೀರುವಿನ ಹಿಂದೆ ಗೋಡೆ ತುಂಬ ಬೂಷ್ಟು. ಅಮ್ಮನ ಧಾರೆ ಸೀರೆಯ ಮಡಿಕೆಯಲ್ಲೂ ಬಿಳಿ ಚುಕ್ಕಿ. ಫೋಮ್ ತೆಗೆಸಲಾ?

ಅಡಿಕೆ ಸಿಪ್ಪೆ: ಇವತ್ತೇ ಕಿತ್ತುಹಾಕಿ. ಅಜ್ಜಂದಿರು ಕಿಂಡಿ ಬಿಟ್ಟಿದ್ದು ಸುಮ್ನೆ ಅಲ್ಲ. ಉಸಿರು, ಅಡುಗೆ, ಒಣಹಾಕಿದ ಬಟ್ಟೆ, ಎಲ್ಲದರ ಆವಿ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಹೆಂಚು ನಮ್ಮ ಸಂಪ್ರದಾಯ, ಪಿವಿಸಿ ಅಲ್ಲ.

ಸೈಟ್ ಇಂಜಿನಿಯರ್: "ಆವಿ ಹೊರಗೆ" ಅಂತೆ! ಜುಲೈ ತಿಂಗಳ ಗಾಳಿಯೇ ಒದ್ದೆ. ಕಿಂಡಿ ತೆಗೆದರೆ ಒಳಗೆ ಬರುವುದೂ ತೇವವೇ. ಆಗ ಮನೆ ಒಣಗಿರುತ್ತಿದ್ದುದು ದಿನವಿಡೀ ಉರಿಯುತ್ತಿದ್ದ ಒಲೆಯಿಂದ. ಮಂಗಳೂರು ಹೆಂಚು ಯಾವ ಸಂಪ್ರದಾಯ? 1865ರಲ್ಲಿ ಜರ್ಮನ್ನರು ಶುರು ಮಾಡಿದ ಫ್ಯಾಕ್ಟರಿ ಮಾಲು.

ನೇತ್ರಾವತಿ ದಂಡೆ: ಜರ್ಮನ್ನರಲ್ಲ ಸ್ವಾಮಿ, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ.

ಸೈಟ್ ಇಂಜಿನಿಯರ್: ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಪ್ಲೆಬ್‌ಸ್ಟ್ ಜರ್ಮನ್. ಮಿಶನ್ ಕಚೇರಿ ಎಲ್ಲಿದ್ದರೇನು?

ಅಡಿಕೆ ಸಿಪ್ಪೆ: ಮಣ್ಣು ನಮ್ಮದು, ಸುಟ್ಟವರು ನಮ್ಮವರು. 150 ವರ್ಷಕ್ಕೂ ಜಾಸ್ತಿ ತಲೆ ಕಾಯ್ದ ಹೆಂಚು ನಮ್ಮದಲ್ವಾ? ಹಾಗಾದರೆ ನಾಳೆಯಿಂದ ಸಾರಿಗೆ ಮೆಣಸಿನಕಾಯಿನೂ ಹಾಕಬೇಡಿ, ಅದು ಪೋರ್ಚುಗೀಸರು ತಂದದ್ದು!

ಸೈಟ್ ಇಂಜಿನಿಯರ್: ಹೆಂಚಿನ ಮಾತಿಗೆ ಮೆಣಸಿನಕಾಯಿ ಯಾಕೆ? ಸಂಪ್ರದಾಯ ಅಂದರೆ ಕುಂಬಾರರ ನಾಡಹೆಂಚು.

ನೇತ್ರಾವತಿ ದಂಡೆ: ನಾಡಹೆಂಚಿನ ಕೆಳಗೆ ಒಂದು ಮಳೆಗಾಲ ಮಲಗಿ ನೋಡಿದ್ದೀರಾ? ಮೇಲೆ ಮಂಗ ಹಾರಿದರೆ ರಾತ್ರಿಯೆಲ್ಲ ಸೋರುವಲ್ಲಿ ಪಾತ್ರೆ ಇಡುವುದೇ ಕೆಲಸ.

ಒಲೆ ಮುಂದೆ: ಹೆಂಚಿನ ಜಗಳ ಆಮೇಲೆ ಆಡಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದು, ಅಲ್ಲಿಯ ಕಿಂಡಿಗೂ ಫೋಮ್ ತುಂಬಿಸಿದ್ದರೆ ಮೊದಲು ಅದನ್ನು ತೆಗೆಯಿರಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವಕ್ಕೇ ಅಪಾಯ. ಮಲಗುವ ಕೋಣೆಯಲ್ಲಿ ಬಾಗಿಲ ಕೆಳಗಿನ ಸಂದಿ ಮುಚ್ಚಿ, ಮೇಲಿನ ಕಿಂಡಿ ತೆರೆದಿಡಿ. ಗಾಳಿ ಆಡುತ್ತದೆ, ಮಲಗಿದವರ ಮೈಗೆ ಹೊಡೆಯುವುದಿಲ್ಲ. ಬೀರು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ಇರಚಲು ಹೊಡೆಯುವ ಕಡೆ ಹೊರಗಿನಿಂದ ಅಡಿಕೆ ಸೋಗೆ ಕಟ್ಟಿ.

ಅಡಿಕೆ ಸಿಪ್ಪೆ: "ಮೇಲಿನ ಕಿಂಡಿ ತೆರೆದಿಡಿ." ನಾನು ಹೇಳಿದ್ದೂ ಅದೇ.

ಸೈಟ್ ಇಂಜಿನಿಯರ್: ನೀವು ಹೇಳಿದ್ದು ಮೆಣಸಿನಕಾಯಿ.

ಮಳೆಗಾಲದವ: ಬಚ್ಚಲ ಕಿಂಡಿಗೂ ತುಂಬಿಸಿದ್ದೆ. ಗೀಸರ್ ಗ್ಯಾಸಿನದೇ. ಈಗಷ್ಟೇ ಏಣಿ ಹಾಕಿ, ಚಾಕುವಿನಿಂದ ಕುಯ್ದು ತೆಗೆದೆ. ಸ್ನಾನಕ್ಕೆ ಹೋದ ಅಮ್ಮ ಒಳಗಿನಿಂದಲೇ ಚಳಿ ಅಂತ ಬೈಯುತ್ತಿದ್ದಾಳೆ.

ನೇತ್ರಾವತಿ ದಂಡೆ: ಬಾಸೆಲ್ ಈಗಲೂ ಸ್ವಿಟ್ಜರ್ಲೆಂಡಿನಲ್ಲೇ ಇದೆ.