ಮಂಡಿಗೆ ಸಿಗುವ ಕೃತಕ ಕೀಲು ಮಣಿಕಟ್ಟಿಗೆ ಏಕಿಲ್ಲ?

ಪ್ರಶ್ನೆ: ನಮ್ಮ ಅತ್ತೆಗೆ 62 ವರ್ಷ, ರುಮಟಾಯ್ಡ್ ಸಂಧಿವಾತ. ಬಲ ಮಣಿಕಟ್ಟಿನ ಕೀಲು ಪೂರ್ತಿ ಸವೆದಿದೆ. ಮೂಳೆಗಳನ್ನು ಬೆಸೆದರೆ ನೋವು ಹೋಗುತ್ತದೆ, ಆದರೆ ಮಣಿಕಟ್ಟು ಬಾಗುವುದಿಲ್ಲ ಎಂದಿದ್ದಾರೆ ವೈದ್ಯರು. ಮಂಡಿ ಬದಲಿಸಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಮಣಿಕಟ್ಟಿಗೆ ಏಕಾಗದು? ಕೀಲು ವಿನ್ಯಾಸ ಮಾಡುವವರು ಗುಂಪಿನಲ್ಲಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಆಗುತ್ತದೆ ಮೇಡಂ. ಬರ್ಲಿನ್ನಿನ ಶಸ್ತ್ರಚಿಕಿತ್ಸಕ ಥೆಮಿಸ್ಟೋಕ್ಲಿಸ್ ಗ್ಲುಕ್ 1890ರ ಸುಮಾರಿಗೇ ಆನೆದಂತದ ಮಣಿಕಟ್ಟನ್ನು ಕೂರಿಸಿದ್ದರು! ಬಾಗುವ ಕೀಲು ಮಾಡುವುದು ಸುಲಭ. ಅದು ಮೂಳೆಯಲ್ಲಿ ಕಚ್ಚಿಕೊಂಡು ಉಳಿಯುವುದೇ ಕಷ್ಟ. ಮಂಡಿಯ ಎರಡೂ ಬದಿಗೆ ದಪ್ಪ ಮೂಳೆಗಳಿವೆ. ಮಣಿಕಟ್ಟಿನಲ್ಲಿ ಮುಂಗೈ ಬದಿಯ ರೇಡಿಯಸ್ ಮೂಳೆ ಪರವಾಗಿಲ್ಲ, ಅಂಗೈ ಬದಿಯಲ್ಲಿರುವುದು ಎರಡು ಸಾಲಿನ ಎಂಟು ಪುಟ್ಟ ಮೂಳೆಗಳು. ಸಂಧಿವಾತ ಅವನ್ನೂ ಮೆತ್ತಗಾಗಿಸಿರುತ್ತದೆ. ಮೊದಲ ಸಾಲನ್ನು ಬಹುಪಾಲು ತೆಗೆದು, ನಡುವಿನ ಕ್ಯಾಪಿಟೇಟ್ ಮೂಳೆಗೆ ಲೋಹದ ಕಡ್ಡಿ ಇಳಿಸಿ, ಅಕ್ಕಪಕ್ಕ ಸ್ಕ್ರೂ ಬಿಗಿಯುತ್ತಾರೆ. ಸಡಿಲವಾಗುವುದು ಹೆಚ್ಚಾಗಿ ಈ ಬದಿಯೇ.

ಹಿಂದಿನವರು ಪಟ್ಟ ಪಾಡು ಕಡಿಮೆಯಲ್ಲ. ಅಮೆರಿಕದ ಶಸ್ತ್ರಚಿಕಿತ್ಸಕ ಆಲ್ಫ್ರೆಡ್ ಸ್ವಾನ್ಸನ್ 1960ರ ದಶಕದಲ್ಲಿ ತಂದ ಸಿಲಿಕೋನ್ ಕೀಲು ಬರಬರುತ್ತಾ ಮುರಿಯುತ್ತಿತ್ತು; ಅದರ ಪುಡಿಯಿಂದ ಉರಿಯೂತವೂ ಆಗುತ್ತಿತ್ತು. 1970ರ ದಶಕದ ಲೋಹದ ಕೀಲುಗಳಲ್ಲಿ ತಿರುಗುವ ಕೇಂದ್ರ ತುಸು ಆಚೀಚೆಯಾದರೂ ಸ್ನಾಯುಗಳ ಎಳೆತದ ಸಮತೋಲ ತಪ್ಪಿ, ಕೈ ಕಿರುಬೆರಳಿನತ್ತ ವಾಲುತ್ತಿತ್ತು. ಆಮೇಲೆ ಬಂದ ಹಲವು ಕೀಲುಗಳು ಅಂಡಾಕಾರದವು. ಕೋಬಾಲ್ಟ್-ಕ್ರೋಮ್ ಲೋಹದ ಎದುರು ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಇರುತ್ತದೆ; ಮೂಳೆ ಬೆಳೆದು ಹಿಡಿಯಲೆಂದು ಮೇಲ್ಮೈಯನ್ನು ಒರಟಾಗಿಸುತ್ತಾರೆ.

ಮರುಪ್ರಶ್ನೆ: ಹಾಗಿದ್ದರೆ ಬೆಸೆಯುವುದೇ ಒಳ್ಳೆಯದೇ ಸರ್? ಊಟ, ಜಡೆ, ಅಡುಗೆ ಎಲ್ಲ ಅವರಿಗೆ ಬಲಗೈಯಲ್ಲೇ ಆಗಬೇಕು.

ಉತ್ತರ: ನಾನು ಎಂಜಿನಿಯರ್, ನಿರ್ಧಾರ ಶಸ್ತ್ರಚಿಕಿತ್ಸಕರದು. ಆದರೂ ಎರಡು ವಿಷಯ ನೋಡಿ. ಎಡ ಮಣಿಕಟ್ಟು ಹೇಗಿದೆ? ಎರಡೂ ಕೆಟ್ಟಿದ್ದರೆ ಒಂದನ್ನಾದರೂ ಬಾಗುವಂತೆ ಉಳಿಸಿಕೊಳ್ಳುವುದಕ್ಕೆ ಬೆಲೆಯಿದೆ. ದಿನನಿತ್ಯದ ಬಹುಪಾಲು ಕೆಲಸಕ್ಕೆ ಹಿಂದಕ್ಕೆ 30 ಡಿಗ್ರಿ, ಮುಂದಕ್ಕೆ 5 ಡಿಗ್ರಿ ಬಾಗಿದರೂ ಸಾಕು ಎಂದು 1985ರ ಒಂದು ಅಧ್ಯಯನ ಅಳೆದು ತೋರಿಸಿತ್ತು. ಎರಡನೆಯದು, ಅವರು ಊರುಗೋಲು ಅಥವಾ ವಾಕರ್ ಬಳಸುತ್ತಾರೆಯೇ? ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುವವರಿಗೆ ಕೃತಕ ಕೀಲನ್ನು ನಾನಂತೂ ಬಯಸುವುದಿಲ್ಲ. ಬೆಸೆದ ಕೈಯೇ ಗಟ್ಟಿ.

ಬೆಸೆದರೂ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವುದು ನಿಲ್ಲುವುದಿಲ್ಲ, ಅದು ಮುಂಗೈಯ ಎರಡು ಮೂಳೆಗಳ ಕೆಲಸ. ಸಂಧಿವಾತದಲ್ಲಿ ಅವೆರಡು ಸೇರುವ ಕೀಲೂ ಕೆಡುವುದುಂಟು. ಅದು ಚೆನ್ನಾಗಿದೆಯೇ ಎಂದು ವೈದ್ಯರನ್ನು ಮೊದಲು ಕೇಳಿ.