ಸಂಶೋಧನೆಯ ಅಂಕಿಅಂಶ: ಸಂಖ್ಯಾಶಾಸ್ತ್ರದ ಮೇಡಂ ಅವರನ್ನು ಕೇಳಿ

ನಿರ್ವಾಹಕರು: ಪಿಎಚ್.ಡಿ. ಮಾಡುತ್ತಿರುವವರ ಅಳತೆ, ಮಾದರಿ, ವಿಶ್ಲೇಷಣೆಯ ಪ್ರಶ್ನೆಗಳಿಗೆ ಮೇಡಂ ಇವತ್ತು ಉತ್ತರಿಸುತ್ತಾರೆ. ಎಷ್ಟು ದತ್ತಾಂಶ, ಹೇಗೆ ಸಂಗ್ರಹಿಸಿದ್ದು, ಏನು ಬಂತು, ಮೂರನ್ನೂ ಬರೆಯಿರಿ. ಫಾರ್ವರ್ಡ್ ಹಾಕಬೇಡಿ.

ಮಾರ್ಕೆಟಿಂಗ್ ವಿದ್ಯಾರ್ಥಿ: ನಮಸ್ತೆ ಮೇಡಂ. ಆನ್‌ಲೈನ್ ಖರೀದಿಯಲ್ಲಿ ಬ್ರ್ಯಾಂಡ್ ನಂಬಿಕೆಯ ಬಗ್ಗೆ ಫಾರ್ಮ್ ಮಾಡಿ ಪರಿಚಯದವರಿಗೆ ಲಿಂಕ್ ಕಳಿಸಿದೆ, ಅವರು ಮುಂದೆ ಕಳಿಸಿದರು. 384 ಉತ್ತರ ಬಂದಿವೆ. ಸಾಕಲ್ಲವೇ?

ಮೇಡಂ: ನಮಸ್ತೆ. 384 ಎಲ್ಲಿಂದ ಬಂತು ನೋಡಿ. 1.96ರ ವರ್ಗವನ್ನು 0.25ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ 384.16. ದೊಡ್ಡ ಜನಸಮೂಹದಿಂದ ಯಾದೃಚ್ಛಿಕವಾಗಿ ಆಯ್ದು, ಒಂದು ಶೇಕಡಾವಾರನ್ನು 95% ವಿಶ್ವಾಸದಲ್ಲಿ ಐದು ಅಂಶ ಆಚೀಚೆ ಅಂದಾಜಿಸಲು ಬೇಕಾದ ಸಂಖ್ಯೆ ಅದು. ಪರಿಚಯದವರ ಮೂಲಕ ಹರಿದು ಬಂದ ಉತ್ತರಗಳಿಗೆ ಈ ಲೆಕ್ಕ ಹೊಂದುವುದಿಲ್ಲ, 3,840 ಬಂದಿದ್ದರೂ ಹೊಂದುತ್ತಿರಲಿಲ್ಲ. ನಂಬಿಕೆಗೂ ಖರೀದಿಗೂ ಇರುವ ಸಂಬಂಧ ನಿಮ್ಮ ಪ್ರಶ್ನೆಯಾದರೆ, ಎಷ್ಟು ಸಣ್ಣ ಸಂಬಂಧವನ್ನು ಹಿಡಿಯಬೇಕು ಎಂದು ಮೊದಲು ತೀರ್ಮಾನಿಸಿ, ಅಲ್ಲಿಂದ ಸಂಖ್ಯೆ ಲೆಕ್ಕ ಹಾಕಿ.

ಭೌತಶಾಸ್ತ್ರ ವಿದ್ಯಾರ್ಥಿನಿ: ಮೇಡಂ, ಸೀಸಿಯಂ-137 ಜನರೇಟರಿನಿಂದ ಬೇರಿಯಂ-137ಎಂ ದ್ರಾವಣ ಇಳಿಸಿಕೊಂಡು ಗೈಗರ್ ಕೌಂಟರಿನಲ್ಲಿ 20 ನಿಮಿಷ ಎಣಿಸಿದೆ, 30 ಸೆಕೆಂಡಿಗೊಂದು ಎಣಿಕೆಯಂತೆ ಒಟ್ಟು 40 ಬಿಂದು. ಮೊದಲ ಎಣಿಕೆ ಸುಮಾರು 900. ದ್ರಾವಣ ಇಡುವ ಮೊದಲು ಅಳೆದ ಹಿನ್ನೆಲೆ 12. ಅದನ್ನು ಕಳೆದು, ಲಾಗ್ ತೆಗೆದು ಸರಳ ರೇಖೆ ಕೂರಿಸಿದರೆ ಅರ್ಧಾಯು 171 ಸೆಕೆಂಡ್ ಬರುತ್ತದೆ, ಬರಬೇಕಾದ್ದು 153. ಕಳೆದ ಮೇಲೆ ಋಣ ಸಂಖ್ಯೆಯಾದ ಎರಡು ಬಿಂದು ಬಿಟ್ಟಿದ್ದೇನೆ. ಆರ್-ವರ್ಗ (ರೇಖೆ ಬಿಂದುಗಳಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ) 0.97 ಇದೆ.

ಮೇಡಂ: ಆರ್-ವರ್ಗವನ್ನು ಬದಿಗಿಡಿ, ಅದು ಇಲ್ಲಿ ಏನನ್ನೂ ಹೇಳುವುದಿಲ್ಲ. ಮೂರು ಕಡೆ ನೋಡಬೇಕು, ಮೂರನೆಯದೇ ನಿಮ್ಮ ಕಳ್ಳ ಎಂದು ನನ್ನ ಅನುಮಾನ.

ಒಂದು, ತೂಕ. ಎಣಿಕೆ 900 ಆದರೆ ಅದರ ಅನಿಶ್ಚಿತತೆ ಅದರ ವರ್ಗಮೂಲ, 30. ಲಾಗ್ ತೆಗೆದ ಮೇಲೆ ಅದು 30 ಭಾಗಿಸು 888, ಅಂದರೆ 0.034. ಕೊನೆಯ ಬಿಂದುವಿನಲ್ಲಿ ಎಣಿಕೆ 16, ಹಿನ್ನೆಲೆ ಕಳೆದರೆ 4; ಲಾಗ್‌ನಲ್ಲಿ ಅನಿಶ್ಚಿತತೆ 4 ಭಾಗಿಸು 4, ಅಂದರೆ 1. ತೂಕ ಅನಿಶ್ಚಿತತೆಯ ವರ್ಗಕ್ಕೆ ವಿಲೋಮವಾಗಿರಬೇಕು, ಹಾಗಾಗಿ ಮೊದಲ ಬಿಂದುವಿಗೆ ಕೊನೆಯದಕ್ಕಿಂತ ಎಂಟುನೂರಕ್ಕೂ ಹೆಚ್ಚು ಪಟ್ಟು ತೂಕ ಸಿಗಬೇಕು. ಸಾಧಾರಣ ರೇಖೆ ಎರಡಕ್ಕೂ ಒಂದೇ ತೂಕ ಕೊಟ್ಟಿದೆ.

ಎರಡು, ಬಿಟ್ಟ ಬಿಂದುಗಳು. ಕೆಳಗೆ ಬಿದ್ದವನ್ನು ಮಾತ್ರ ಬಿಟ್ಟು ಮೇಲೆ ಹೋದವನ್ನು ಇಟ್ಟುಕೊಂಡಿರಿ. ಬಾಲ ಎತ್ತಿಕೊಳ್ಳುತ್ತದೆ, ಅರ್ಧಾಯು ಉದ್ದವಾಗುತ್ತದೆ.

ಮೂರು, ಹಿನ್ನೆಲೆಯೇ ಬೇರೆ ಇರಬಹುದು. ದ್ರಾವಣ ಇಳಿಸುವಾಗ ಜನರೇಟರಿನಿಂದ ಸ್ವಲ್ಪ ಸೀಸಿಯಂ ಕೂಡ ಸೋರಿ ಬರಬಹುದು. ಅದರ ಅರ್ಧಾಯು ಸುಮಾರು 30 ವರ್ಷ, ಹಾಗಾಗಿ 20 ನಿಮಿಷದಲ್ಲಿ ಅದು ಕದಲದ ಹಿನ್ನೆಲೆಯಾಗಿ ಕಾಣುತ್ತದೆ. ಖಾಲಿ ಶೀಶೆಯ 12ರಲ್ಲಿ ಇದು ಸೇರಿಲ್ಲ. 30 ಸೆಕೆಂಡಿಗೆ ಮೂರು ಎಣಿಕೆ ಹೆಚ್ಚಿದ್ದರೂ ಸಾಕು, ತೂಕವಿಲ್ಲದ ಲಾಗ್ ರೇಖೆಯಲ್ಲಿ ಅರ್ಧಾಯು 170ರ ಹತ್ತಿರ ಹೋಗುತ್ತದೆ. ಶೀಶೆ ಎಸೆದಿಲ್ಲವಾದರೆ ಜಾಗ ಬದಲಿಸದೆ ಅದನ್ನೇ ಒಂದು ಗಂಟೆ ಬಿಡಿ. 23 ಅರ್ಧಾಯು ಕಳೆದಿರುತ್ತದೆ, ಇಳಿಸಿಕೊಂಡ ಬೇರಿಯಂ ಉಳಿದಿರುವುದಿಲ್ಲ. ಆಮೇಲೆ ಅರ್ಧ ಗಂಟೆ ಎಣಿಸಿ. ಐದು ನಿಮಿಷ ಎಣಿಸಿದರೆ 12ಕ್ಕೂ 15ಕ್ಕೂ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುವುದಿಲ್ಲ.

ಲಾಗ್ ತೆಗೆಯಲೇಬೇಡಿ. ಘಾತೀಯ ಕ್ಷಯ ಮತ್ತು ಸ್ಥಿರ ಹಿನ್ನೆಲೆಯ ಮೊತ್ತವನ್ನು ಮೂಲ ಎಣಿಕೆಗಳ ಮೇಲೇ ಪಾಯ್ಸಾನ್ ಸಂಭಾವ್ಯತೆಯಿಂದ (ಎಣಿಕೆಗಳ ಏರಿಳಿತಕ್ಕೆ ಹೊಂದುವ ನಿಯಮದಿಂದ) ಕೂರಿಸಿ. ಆರಂಭಿಕ ಮೌಲ್ಯಗಳು ಮೊದಲ ಎಣಿಕೆಗೆ 890, ಅರ್ಧಾಯುವಿಗೆ 150 ಸೆಕೆಂಡ್, ಹಿನ್ನೆಲೆಗೆ 12 ಇರಲಿ. ಹಿನ್ನೆಲೆಯನ್ನು ಸ್ಥಿರವಾಗಿಟ್ಟರೆ ಸ್ವಾತಂತ್ರ್ಯ ಮಾತ್ರೆ (ಬಿಂದುಗಳ ಸಂಖ್ಯೆಯಿಂದ ಕೂರಿಸಿದ ಮೌಲ್ಯಗಳ ಸಂಖ್ಯೆ ಕಳೆದದ್ದು) 38. ಕೈ-ವರ್ಗ (ಎಣಿಕೆಗಳು ರೇಖೆಯಿಂದ ಎಷ್ಟು ಸರಿದಿವೆ ಎಂಬ ಅಳತೆ) 38ರಿಂದ ಒಂಬತ್ತರಷ್ಟು ಆಚೀಚೆ ಬಂದರೆ ಸಹಜ. ಕೌಂಟರಿನ ಡೆಡ್‌ಟೈಮ್ (ಒಂದು ಎಣಿಕೆಯ ನಂತರ ಇನ್ನೊಂದನ್ನು ಹಿಡಿಯಲಾಗದ ಕ್ಷಣ) ಬಗ್ಗೆ ಚಿಂತೆ ಬೇಡ: ಸೆಕೆಂಡಿಗೆ 30 ಎಣಿಕೆ, 100 ಮೈಕ್ರೋಸೆಕೆಂಡ್ ಎಂದುಕೊಂಡರೂ ನಷ್ಟ 0.3%.

ಮೆಕ್ಯಾನಿಕಲ್ ಸಂಶೋಧಕ: ಎಲ್ ಆಕಾರದ ಬ್ರ್ಯಾಕೆಟ್, ಒಳಮೂಲೆಯಲ್ಲಿ ಗರಿಷ್ಠ ಒತ್ತಡ. ಕಂಪ್ಯೂಟರ್ ಲೆಕ್ಕದಲ್ಲಿ ಭಾಗವನ್ನು ತುಂಡರಿಸುವ ಮೆಶ್‌ನ ಗಾತ್ರ ಅರ್ಧ ಮಾಡುತ್ತ ಹೋದರೆ 212, 290, 398 ಮೆಗಾಪ್ಯಾಸ್ಕಲ್. ಎಲ್ಲಿ ನಿಲ್ಲಿಸಲಿ?

ಮೇಡಂ: ಎಲ್ಲೂ ನಿಲ್ಲುವುದಿಲ್ಲ. ಪ್ರತಿ ಸಲ 1.37 ಪಟ್ಟು ಏರುತ್ತಿದೆ, ಚೂಪಾದ 90 ಡಿಗ್ರಿ ಒಳಮೂಲೆಯ ಸಿಂಗ್ಯುಲಾರಿಟಿ (ಲೆಕ್ಕದಲ್ಲಿ ಒತ್ತಡ ಅನಂತಕ್ಕೆ ಹೋಗುವ ಬಿಂದು) ಹೀಗೆಯೇ ಏರುತ್ತದೆ. ನಿಜವಾದ ಭಾಗದಲ್ಲಿರುವ ಫಿಲೆಟ್ (ಮೂಲೆಯ ದುಂಡು) ತ್ರಿಜ್ಯವನ್ನು ಮಾದರಿಯಲ್ಲಿ ಹಾಕಿ, ಆ ಕಮಾನಿನ ಸುತ್ತ ಮೆಶ್ ಸಣ್ಣದಾಗಿಸಿ, ಮೂರು ಮೆಶ್‌ಗಳಲ್ಲಿ ಮತ್ತೆ ನೋಡಿ. ಈಗಿನ ಮೂರು ಸಂಖ್ಯೆಗಳಲ್ಲಿ ಯಾವುದನ್ನೂ ವರದಿಗೆ ಹಾಕಬೇಡಿ.

ಮಾರ್ಕೆಟಿಂಗ್ ಉಪನ್ಯಾಸಕ: ಮೇಡಂ, 384 ಸಾಕಾ? ಬ್ಯಾಂಕಿಂಗ್ ಸೇವೆ ವಿಷಯ.

ಮೇಡಂ: ಮೇಲೆ ಬರೆದಿದ್ದೇನೆ.

ಶಿಕ್ಷಕ ತರಬೇತಿ ಉಪನ್ಯಾಸಕಿ: ಮೇಡಂ, ಎರಡು ತರಬೇತಿ ಕಾಲೇಜು, 48 ಮತ್ತು 50 ಪ್ರಶಿಕ್ಷಣಾರ್ಥಿಗಳು. ಒಂದರಲ್ಲಿ ವಿಡಿಯೊ ತೋರಿಸಿ ಹಿಮ್ಮಾಹಿತಿ ಕೊಡುವ ಮೈಕ್ರೋಟೀಚಿಂಗ್ (ಪುಟ್ಟ ಪಾಠದಲ್ಲಿ ಒಂದೊಂದೇ ಬೋಧನಾ ಕೌಶಲದ ಅಭ್ಯಾಸ), ಇನ್ನೊಂದರಲ್ಲಿ ಮಾಮೂಲಿ ಕ್ರಮ. ಪೂರ್ವ ಪರೀಕ್ಷೆಯಲ್ಲಿ ವ್ಯತ್ಯಾಸವಿರಲಿಲ್ಲ. ಉತ್ತರ ಪರೀಕ್ಷೆಯಲ್ಲಿ 50ಕ್ಕೆ 4.1 ಅಂಕ ವ್ಯತ್ಯಾಸ, ಪ್ರಮಾಣ ವಿಚಲನೆ 7, ಟಿ 2.9, ಪಿ (ಪರಿಣಾಮವೇ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಬರುವ ಸಾಧ್ಯತೆ) 0.005. ಮುಂದಿನ ತಿಂಗಳು ಪ್ರಬಂಧ ಸಲ್ಲಿಕೆ.

ಮೇಡಂ: ಸಲ್ಲಿಸುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಇವತ್ತು ನನಗೆ ಕಳವಳ ತಂದ ಪ್ರಶ್ನೆ ಇದೇ. ನಿಮ್ಮ ಟಿ-ಪರೀಕ್ಷೆ 98 ಜನರೂ ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಎಂದು ಎಣಿಸಿದೆ. ಅವರು ಎರಡು ತರಗತಿಗಳು. ಒಂದೇ ಉಪನ್ಯಾಸಕರು, ಒಂದೇ ವೇಳಾಪಟ್ಟಿ, ಒಬ್ಬರಿಂದೊಬ್ಬರು ಕಲಿಯುವುದು. ಹಾಗಾಗಿ ತರಗತಿಯೊಳಗಿನ ಅಂಕಗಳು ಒಂದನ್ನೊಂದು ಹೋಲುತ್ತವೆ. ಈ ಸಾಮ್ಯದ ಗುಣಾಂಕ 0.10 ಎಂದು ಇಟ್ಟುಕೊಳ್ಳೋಣ. ಆಗ ಒಟ್ಟು ವಿಚರಣೆ (ಪ್ರಮಾಣ ವಿಚಲನೆಯ ವರ್ಗ) 49ರಲ್ಲಿ 4.9 ತರಗತಿಗಳ ನಡುವಿನದು. ಕ್ರಮ ಯಾವುದೇ ಇರಲಿ, ಯಾವುದೇ ಎರಡು ತರಗತಿಗಳ ಸರಾಸರಿಗಳು ಸುಮಾರು 3.4 ಅಂಕದ ಪ್ರಮಾಣ ವಿಚಲನೆಯಲ್ಲಿ ಬೇರೆಯಾಗುತ್ತವೆ. ನಿಮಗೆ ಬಂದಿರುವುದು 4.1. ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಪಿ 0.005 ಎಂಬುದು ನಿಲ್ಲುವುದಿಲ್ಲ.

ಪೂರ್ವ ಪರೀಕ್ಷೆ ಸಮವಿತ್ತು ಎನ್ನುತ್ತೀರಿ. ಅದು ಆರಂಭದ ತಿಳಿವಳಿಕೆಯನ್ನು ಮಾತ್ರ ಸಮ ಮಾಡುತ್ತದೆ, ಆಮೇಲೆ ಯಾರು ಕಲಿಸಿದರು ಎಂಬುದನ್ನಲ್ಲ. ಇನ್ನೊಂದು ಮಾತು: ಪಾಠಗಳಿಗೆ ಅಂಕ ಕೊಟ್ಟವರಿಗೆ ಯಾರು ಯಾವ ಗುಂಪು ಎಂದು ಗೊತ್ತಿತ್ತೇ?

ಶಿಕ್ಷಕ ತರಬೇತಿ ಉಪನ್ಯಾಸಕಿ: ಗೊತ್ತಿತ್ತು ಮೇಡಂ, ಆಯಾ ಕಾಲೇಜಿನವರೇ ಕೊಟ್ಟರು. ಆನ್ಕೋವಾ (ಪೂರ್ವ ಪರೀಕ್ಷೆಯ ಅಂಕವನ್ನೂ ಲೆಕ್ಕಕ್ಕೆ ತಂದು ಹೋಲಿಸುವ ವಿಶ್ಲೇಷಣೆ) ಮಾಡಿದರೆ ಸರಿಹೋಗುತ್ತದೆಯೇ?

ಮಾರ್ಕೆಟಿಂಗ್ ಉಪನ್ಯಾಸಕ: ಎಲ್ಲರಿಗೂ ಉಪಯೋಗವಾಗಲಿ, ಫಾರ್ವರ್ಡ್: "ಪಿ ಮೌಲ್ಯ 0.05 ದಾಟಿದರೆ ಹೀಗೆ ಮಾಡಿ. 1. ದೂರದ ಬಿಂದುಗಳನ್ನು ಒಂದೊಂದಾಗಿ ತೆಗೆಯಿರಿ. 2. ಪಿ ಇಳಿಯುವವರೆಗೆ ಉತ್ತರ ಸೇರಿಸುತ್ತಿರಿ. 3. ಒಂದೇ ದಿಕ್ಕಿನ ವ್ಯತ್ಯಾಸ ನೋಡುವ ಒಂದು ಬದಿಯ ಪರೀಕ್ಷೆಗೆ ಬದಲಿಸಿ."

ಮೇಡಂ: ಇದನ್ನು ಯಾರೂ ಮಾಡಬೇಡಿ, ಮುಂದೆ ಕಳಿಸಲೂಬೇಡಿ. ದತ್ತಾಂಶ ಸೇರಿಸುತ್ತ ಐದು ಸಲ ಇಣುಕಿ, 0.05 ಆದ ಕೂಡಲೇ ನಿಲ್ಲಿಸಿದರೆ, ಇಲ್ಲದ ಪರಿಣಾಮ ಇದೆ ಎನ್ನುವ ಸಾಧ್ಯತೆ 5% ಅಲ್ಲ, ಸುಮಾರು 14%. ಹತ್ತು ಸಲ ಇಣುಕಿದರೆ ಸುಮಾರು 19%. ಫಲಿತಾಂಶ ಕಂಡಮೇಲೆ ಒಂದು ಬದಿಯ ಪರೀಕ್ಷೆಗೆ ಹೋದರೆ 10%. ಬಿಂದು ತೆಗೆಯಲು ಅಳತೆಯಲ್ಲೇ ಕಾರಣ ಬೇಕು: ಉಪಕರಣ ಕೆಟ್ಟಿತ್ತು, ನಮೂದು ತಪ್ಪಿತ್ತು. ಪಿ ಇಳಿಯಲಿ ಎಂಬುದು ಕಾರಣವಲ್ಲ. ಫಾರ್ವರ್ಡ್ ಹಾಕಬೇಡಿ ಎಂದು ಮೊದಲ ಸಾಲಿನಲ್ಲೇ ಇದೆ.

ಗಣಿತ ವಿದ್ಯಾರ್ಥಿ: ಪೂರ್ಣಾಂಕಗಳ ಬಗ್ಗೆ ಒಂದು ಊಹೆ. ಹತ್ತು ಲಕ್ಷದವರೆಗೆ ಕಂಪ್ಯೂಟರಿನಲ್ಲಿ ಪರೀಕ್ಷಿಸಿದ್ದೇನೆ. ಪ್ರಮೇಯ ಎಂದು ಬರೆಯಬಹುದೇ?

ಮೇಡಂ: ಇಲ್ಲ.

ಮೆಕ್ಯಾನಿಕಲ್ ಸಂಶೋಧಕ: ಹತ್ತು ಲಕ್ಷ ಸಲ ನಿಜವಾದದ್ದು ಯಾಕೆ ಸಾಲದು? ಫಟೀಗ್ ಪರೀಕ್ಷೆಯಲ್ಲಿ (ಭಾರ ಮತ್ತೆ ಮತ್ತೆ ಹಾಕಿ ತೆಗೆಯುವುದು) ಒಂದು ಕೋಟಿ ಆವರ್ತ ತಾಳಿದ ಭಾಗವನ್ನು ನಾವು ಒಪ್ಪಿಕೊಳ್ಳುತ್ತೇವೆ.

ಗಣಿತ ಉಪನ್ಯಾಸಕ: ಎನ್ ವರ್ಗ, ಕೂಡಿಸು ಎನ್, ಕೂಡಿಸು 41. ಎನ್ 0ಯಿಂದ 39ರವರೆಗೆ ಎಲ್ಲವೂ ಅವಿಭಾಜ್ಯ. 40ಕ್ಕೆ 1681, ಅದು 41ರ ವರ್ಗ. ಅದು ಚಿಕ್ಕ ಉದಾಹರಣೆ ಎನ್ನುವುದಾದರೆ ಗಣಿತಜ್ಞ ಪೋಲ್ಯಾ 1919ರಲ್ಲಿ ಮುಂದಿಟ್ಟ ಊಹೆ ನೋಡಿ: 1958ರಲ್ಲಿ ಹ್ಯಾಸೆಲ್‌ಗ್ರೋವ್ ಅದು ಸುಳ್ಳೆಂದು ತೋರಿಸಿದರು, ಅದು ಮೊದಲ ಸಲ ಮುರಿಯುವುದು 90,61,50,257ರಲ್ಲಿ. ಹತ್ತು ಲಕ್ಷದಲ್ಲಿ ನಿಂತವನಿಗೆ ಅದರ ಸುಳಿವೂ ಸಿಗುವುದಿಲ್ಲ.

ಮೆಕ್ಯಾನಿಕಲ್ ಸಂಶೋಧಕ: ಇವು ಆಯ್ದ ಉದಾಹರಣೆಗಳು. ಬಳಕೆಗೆ ಬರುವ ವ್ಯಾಪ್ತಿಯಲ್ಲಿ ನಿಜವಾದರೆ ಸಾಕು.

ಗಣಿತ ಉಪನ್ಯಾಸಕ: ನಿಮ್ಮ ಭಾಗಕ್ಕೆ ಸುರಕ್ಷಾ ಗುಣಾಂಕ ಇಡುತ್ತೀರಿ, ಪ್ರಮೇಯಕ್ಕೆ ಅದನ್ನು ಇಡಲಾಗದು. ಮೂಲೆಯ ಒತ್ತಡ ಮೂರು ಮೆಶ್‌ನಲ್ಲಿ ಏರಿದ್ದು ಕಂಡೂ ಎಲ್ಲಿ ನಿಲ್ಲಿಸಲಿ ಎಂದು ಕೇಳಿದವರು ನೀವೇ.

ಮೆಕ್ಯಾನಿಕಲ್ ಸಂಶೋಧಕ: ಕೇಳಿದ್ದು ಮೇಡಂ ಅವರನ್ನು. ಈ ಧಾಟಿಯಲ್ಲಿ ಮಾತಾಡಬೇಡಿ.

ಮಾರ್ಕೆಟಿಂಗ್ ವಿದ್ಯಾರ್ಥಿ: ಇಬ್ಬರೂ ಬೇರೆಡೆ ಜಗಳ ಮಾಡಿ ಸರ್. 12 ಪ್ರಶ್ನೆಗಳ ಮಾಪಕ, ಕ್ರೊನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಮೈನಸ್ 0.21 ಬಂದಿದೆ. ಪ್ರಶ್ನೆಗಳನ್ನು ತೆಗೆಯುತ್ತ ಹೋಗಲೇ?

ಮೇಡಂ: ತೆಗೆಯಬೇಡಿ. "ಈ ಬ್ರ್ಯಾಂಡನ್ನು ನಂಬಲಾಗದು" ಎಂಬಂಥ ತಿರುಗು ಪ್ರಶ್ನೆಗಳ ಅಂಕ ಹಿಂದುಮುಂದು ಮಾಡಿಲ್ಲ. ಐದು ಅಂಕದ ಮಾಪಕದಲ್ಲಿ 6ರಿಂದ ಕಳೆಯಿರಿ.

ಅರ್ಥಶಾಸ್ತ್ರ ವಿದ್ಯಾರ್ಥಿನಿ: ಲೈಕರ್ಟ್ ಅಂಕಗಳ (ಎಷ್ಟು ಒಪ್ಪುತ್ತೀರಿ ಎಂಬುದಕ್ಕೆ ಕೊಡುವ ಅಂಕ) ಸರಾಸರಿ ತೆಗೆಯಬಹುದೇ? ಎರಡನೇ ಸಲ ಕೇಳುತ್ತಿದ್ದೇನೆ.

ಕಾಮರ್ಸ್ ವಿದ್ಯಾರ್ಥಿ: 384...

ಮೇಡಂ: ಮೇಲೆ ಓದಿ. ಓದದೆ ಕೇಳುವವರಿಗೆ ಇನ್ನು ಉತ್ತರಿಸುವುದಿಲ್ಲ.

ತರಬೇತಿ ಉಪನ್ಯಾಸಕಿಯವರೇ, ಆನ್ಕೋವಾದಿಂದ ಸರಿಹೋಗುವುದಿಲ್ಲ. ಪ್ರತಿ ಕ್ರಮಕ್ಕೆ ಒಂದೇ ತರಗತಿ ಇರುವಾಗ ಕಾಲೇಜು ಯಾವುದು, ಕ್ರಮ ಯಾವುದು ಎಂದು ಬೇರ್ಪಡಿಸುವ ಸೂತ್ರವೇ ಇಲ್ಲ. ಹೊಸ ಕಾಲೇಜುಗಳು ಸಿಗದಿದ್ದರೆ ಕೌಶಲಗಳನ್ನು ಅದಲುಬದಲು ಮಾಡಿ. ಮೊದಲ ಕಾಲೇಜಿನಲ್ಲಿ ಪ್ರಶ್ನಿಸುವ ಕೌಶಲಕ್ಕೆ ವಿಡಿಯೊ, ಪುನರ್ಬಲನ (ಉತ್ತರಿಸಿದವರನ್ನು ಪ್ರೋತ್ಸಾಹಿಸುವ) ಕೌಶಲಕ್ಕೆ ಮಾಮೂಲಿ ಕ್ರಮ; ಎರಡನೆಯದರಲ್ಲಿ ಇದರ ತಿರುವು. ಒಳ್ಳೆಯ ತರಗತಿಯ ಲಾಭ ಆಗ ಎರಡೂ ಕ್ರಮಕ್ಕೆ ಸಿಗುತ್ತದೆ. ಪಾಠಗಳ ವಿಡಿಯೊಗಳಿಗೆ ಬರೀ ಸಂಖ್ಯೆ ಕೊಟ್ಟು, ಅವುಗಳನ್ನು ಹಿಂದುಮುಂದಾಗಿ ಕಲಸಿ, ಗುಂಪು ತಿಳಿಯದ ಇಬ್ಬರಿಂದ ಬೇರೆಬೇರೆಯಾಗಿ ಅಂಕ ಹಾಕಿಸಿ. ಇಬ್ಬರ ಹೊಂದಾಣಿಕೆಯನ್ನೂ ವರದಿ ಮಾಡಿ.

ಶಿಕ್ಷಕ ತರಬೇತಿ ಉಪನ್ಯಾಸಕಿ: ಅವಧಿ ವಿಸ್ತರಣೆ ಸಿಗದಿದ್ದರೆ?

ಮೇಡಂ: ಎರಡು ತರಗತಿಗಳ ವಿವರಣಾತ್ಮಕ ಹೋಲಿಕೆ ಎಂದು ಬರೆಯಿರಿ. ಸರಾಸರಿ, ವಿಚಲನೆ, ಪೂರ್ವ ಪರೀಕ್ಷೆ, ಅಂಕ ಕೊಟ್ಟವರಿಗೆ ಗುಂಪು ಗೊತ್ತಿತ್ತು ಎಂಬುದು, ಎಲ್ಲ ಇರಲಿ. ಪಿ ಮೌಲ್ಯ ಬೇಡ, ಶೀರ್ಷಿಕೆಯಲ್ಲಿ "ಪರಿಣಾಮಕಾರಿತ್ವ" ಬೇಡ.

ನಿರ್ವಾಹಕರು: ಗಣಿತ, ಮೆಕ್ಯಾನಿಕಲ್ ಸದಸ್ಯರ ನಡುವಿನ ಮುಂದಿನ ಒಂಬತ್ತು ಸಂದೇಶ ಅಳಿಸಿದ್ದೇನೆ.

ಭೌತಶಾಸ್ತ್ರ ವಿದ್ಯಾರ್ಥಿನಿ: ಮೇಡಂ, ಶೀಶೆ ಇತ್ತು. ಅರ್ಧ ಗಂಟೆಯ ಎಣಿಕೆಯಲ್ಲಿ 30 ಸೆಕೆಂಡಿಗೆ ಸರಾಸರಿ 15. ಅದನ್ನು ಸ್ಥಿರವಾಗಿಟ್ಟು ಕೂರಿಸಿದರೆ 154, ಅನಿಶ್ಚಿತತೆ 3 ಸೆಕೆಂಡ್. ಕೈ-ವರ್ಗ 41.

ಮೇಡಂ: ಸರಿಯಾಗಿದೆ. ಆ 15ಕ್ಕೂ 0.5ರಷ್ಟು ಅನಿಶ್ಚಿತತೆ ಇದೆ. 14.5 ಮತ್ತು 15.5 ಇಟ್ಟು ಮತ್ತೆರಡು ಸಲ ಕೂರಿಸಿ, ಅರ್ಧಾಯು ಎಷ್ಟು ಸರಿಯುತ್ತದೆಯೋ ಅದನ್ನು 3ರ ಜೊತೆ ವರ್ಗಗಳಾಗಿ ಕೂಡಿಸಿ ವರ್ಗಮೂಲ ತೆಗೆಯಿರಿ.