ಪದ ಬೇಕಾಗಿದೆ: ಪ್ರಿಸರ್ವೇಟಿವ್, ಎಡಿಐ (ಇವತ್ತು ಸಂಜೆಯೊಳಗೆ)

ಸುಮಾ, ಮೈಸೂರು:
ಎಲ್ಲರಿಗೂ ನಮಸ್ಕಾರ. ಶಾಲೆಯೊಂದರ ಆಹಾರ ಮೇಳಕ್ಕೆ ಬೋರ್ಡು ಕನ್ನಡಿಸುತ್ತಿದ್ದೇನೆ. ಫ್ಲೆಕ್ಸ್ ಅಂಗಡಿಯವರು ಐದು ಗಂಟೆಗೆ ಫೈಲ್ ಕೇಳಿದ್ದಾರೆ. ಎಡಗಡೆ ಕಾಲಂನಲ್ಲಿ ದಿನಕ್ಕೆ ನಮ್ಮ ಹೊಟ್ಟೆಗೆ ಹೋಗುವ ಪ್ರಿಸರ್ವೇಟಿವ್ ಎಷ್ಟು, ಬಲಗಡೆ ಅದರ ಎಡಿಐ (ಅಕ್ಸೆಪ್ಟಬಲ್ ಡೈಲಿ ಇನ್‌ಟೇಕ್, ದಿನಾ ಹೊಟ್ಟೆಗೆ ಹೋದರೂ ಪರವಾಗಿಲ್ಲ ಅನ್ನುವ ಪ್ರಮಾಣ) ಎಷ್ಟು ಅಂತ. ಎಡಿಐಗೆ 'ಸ್ವೀಕಾರಾರ್ಹ ದೈನಂದಿನ ಸೇವನೆ' ಎಂದು ಹಾಕಿದ್ದೆ. ನಮ್ಮತ್ತೆ ಓದಿ, "ದಿನಾ ಇಷ್ಟು ತಗೋಬೇಕಾ? ಮೆಡಿಕಲ್ ಸ್ಟೋರಲ್ಲಿ ಸಿಗುತ್ತಾ?" ಅಂದರು. ಪ್ರಿಸರ್ವೇಟಿವ್‌ಗೆ 'ಸಂರಕ್ಷಕ' ಹಾಕಿದ್ದೇನೆ, ಅದೂ ಅರಣ್ಯ ಇಲಾಖೆಯ ಹುದ್ದೆ ಥರ ಕೇಳಿಸುತ್ತಿದೆ. ಬಲಗಡೆ ಕಾಲಂ ಬಹಳ ಸಣ್ಣದು. ದಯವಿಟ್ಟು ಬೇಗ.

ನಂದೀಶ, ಹಾಸನ:
'ಸಂರಕ್ಷಕ', 'ಸೇವನೆ', 'ಮಿತಿ' ಮೂರೂ ಸಂಸ್ಕೃತದಿಂದ ಸಾಲ ತಂದ ಮಾತು. 'ಕಾಪಿಡು' ನಮ್ಮಲ್ಲೇ ಇರುವಾಗ ಬೇರೆ ಯಾಕೆ ಬೇಕು? ಪ್ರಿಸರ್ವೇಟಿವ್ = ಕಾಪುಗ. ಎಡಿಐ = ದಿನದೆಲ್ಲೆ. ಎಲ್ಲೆ ಅಪ್ಪಟ ಕನ್ನಡ, ತಮಿಳಿನಲ್ಲೂ 'ಎಲ್ಲೈ' ಇದೆ. ಮುಗಿಯಿತು.

ಪ್ರಭಾಕರ, ಉಡುಪಿ:
ಮುಗಿಯಲಿಲ್ಲ. ಕಾಪು ಅಂದರೆ ನಮ್ಮ ಕಡೆ ಲೈಟ್‌ಹೌಸ್ ಇರುವ ಊರು. 'ದಿನದೆಲ್ಲೆ'ಯನ್ನು ಫ್ಲೆಕ್ಸಿನ ಮೇಲೆ ದಿನದ ಎಲೆ ಅಂತ ಓದಿ ಜನ ಅಡಿಕೆ ಸುಣ್ಣ ಹುಡುಕುತ್ತಾರೆ.

ಗಣಪತಿ, ಶಿರಸಿ:
ಮೊದಲು ಏನನ್ನು ತಡೆಯುವುದು ಅಂತ ನೋಡಿ. ಅನ್ನ ಹಳಸುತ್ತದೆ, ಹಾಲು ಒಡೆಯುತ್ತದೆ, ಎಣ್ಣೆ ಕಮಟುತ್ತದೆ, ಉಪ್ಪಿನಕಾಯಿ ಬೂಷ್ಟು ಹಿಡಿಯುತ್ತದೆ. ಎಣ್ಣೆ ಕಮಟದಂತೆ ಹಾಕುವುದನ್ನು ಆಹಾರ ಕಾನೂನು ಪ್ರಿಸರ್ವೇಟಿವ್ ಅನ್ನುವುದಿಲ್ಲ, ಆಂಟಿಆಕ್ಸಿಡೆಂಟ್ ಅಂತ ಬೇರೆಯೇ ಇಟ್ಟಿದೆ. ಹಾಗಾಗಿ 'ಕೆಡದಂತೆ ಹಾಕುವ ವಸ್ತು' ಎಂದರೂ ಅತಿವ್ಯಾಪ್ತಿ, ಅದೂ ಒಳಗೆ ಬಂದುಬಿಡುತ್ತದೆ. ಇನ್ನು ಉಪ್ಪು, ಸಕ್ಕರೆ, ವಿನೆಗರ್, ಜೇನು ಇವೆಲ್ಲ ಅದೇ ಕಾನೂನಿನ ಒಂದನೇ ವರ್ಗದ ಪ್ರಿಸರ್ವೇಟಿವ್‌ಗಳು. ಬೆಂಜೊಯೇಟ್, ಸೋರ್ಬೇಟ್, ಸಲ್ಫೈಟ್ ಥರದ ರಾಸಾಯನಿಕಗಳು ಎರಡನೇ ವರ್ಗ. ನಮ್ಮಮ್ಮ ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕಿ, ಚಿರುಟಿದ ಮೇಲೆ ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಪ್ರಿಸರ್ವೇಟಿವ್ ಯಾವುದು ಅಂತ ಯಾರೂ ಕೇಳಲಿಲ್ಲ, ಅದು ಹೆಸರಿನಲ್ಲೇ ಇತ್ತು: ಉಪ್ಪಿನ ಕಾಯಿ.

ನಂದೀಶ, ಹಾಸನ:
ಅದನ್ನೇ ಹೇಳುತ್ತಿದ್ದೇನೆ. ಉಪ್ಪು ನಮ್ಮದು, ಬೆಂಜೊಯೇಟ್ ಹೊರಗಿನದು. ಮಾತೂ ಹಾಗೇ.

ಪ್ರಭಾಕರ, ಉಡುಪಿ:
ಬೆಂಜೊಯೇಟ್ ಹೊರಗಿನದಾ? ಅರಬ್ಬಿಯ 'ಲುಬಾನ್ ಜಾವಿ', ಅಂದರೆ ಜಾವಾದ ಧೂಪ. ಯುರೋಪಿನವರು ಮೊದಲ 'ಲು'ವನ್ನು ತಮ್ಮ ಭಾಷೆಯ ಆರ್ಟಿಕಲ್ ಅಂದುಕೊಂಡು ಕತ್ತರಿಸಿದರು, ಉಳಿದದ್ದು 'ಬೆಂಜೊಯಿನ್' ಆಯಿತು. ಆ ಅಂಟಿನಿಂದ ತೆಗೆದದ್ದು ಬೆಂಜೊಯಿಕ್ ಆಮ್ಲ, ಅದರ ಲವಣವೇ ಬೆಂಜೊಯೇಟ್. ಕತ್ತರಿಸದೆ ಉಳಿದದ್ದು ನಮ್ಮ ಮನೆಗಳಲ್ಲಿ ಹೊಗೆಯಾಡುವ ಲೋಬಾನ. ನಿಮ್ಮ ಮನೆಯಲ್ಲಿ ಲೋಬಾನ ಹಾಕುವಾಗ ಅದಕ್ಕೆ ಏನೆನ್ನುತ್ತೀರಿ, 'ಹೊಗೆಯುಗ'ವಾ?

ನಂದೀಶ, ಹಾಸನ:
ವಾದ ಇಲ್ಲದವರು ಗೇಲಿ ಮಾಡುತ್ತಾರೆ.

ಎಂ.ಆರ್., ಮೈಸೂರು:
ಆಹಾರ ಪರೀಕ್ಷೆಯಲ್ಲಿ ಮೂವತ್ತು ವರ್ಷ ಕಳೆದವನು ನಾನು. ನಿಮ್ಮ ತೊಡಕು ಸಂಸ್ಕೃತದ್ದಲ್ಲ. ಇಲ್ಲಿ ಎರಡು ಮಿತಿಗಳಿವೆ, ಎರಡಕ್ಕೂ ಒಂದೇ ಮಾತು ಬಳಸುತ್ತಿದ್ದೀರಿ. ಉಪ್ಪಿನಕಾಯಿಯಲ್ಲಿ ಬೆಂಜೊಯಿಕ್ ಆಮ್ಲ ಕಿಲೋಗೆ 250 ಮಿ.ಗ್ರಾಂ ಮೀರಬಾರದು ಅನ್ನುವುದು ಬಾಟಲಿಯ ಮಿತಿ. ಎಡಿಐ ಮೈಯ ಮಿತಿ: ಪ್ರಾಣಿಗಳಲ್ಲಿ ಏನೂ ತೊಂದರೆ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಿ ಬಂದದ್ದು, ಜೀವಮಾನವಿಡೀ ದಿನಾ ಹೋದರೂ ಚಿಂತೆಯಿಲ್ಲದಷ್ಟು. ಒಂದು ದಿನ ದಾಟಿದರೆ ವಿಷ ಅಂತಲ್ಲ. ಬಾಟಲಿಯ ಮಿತಿಯೊಳಗೇ ಇದ್ದು ಮೈಯ ಮಿತಿ ಮುಟ್ಟಬಹುದು. ಗಂಧಕದ ಹೊಗೆ ಹಿಡಿಸಿದ ಹಳದಿ ಒಣದ್ರಾಕ್ಷಿಯಲ್ಲಿ ಕಿಲೋಗೆ 1000 ಮಿ.ಗ್ರಾಂ ಸಲ್ಫರ್ ಡೈಆಕ್ಸೈಡ್ ಇದೆ ಅಂತಿಟ್ಟುಕೊಳ್ಳಿ. ಎಡಿಐ ಮೈತೂಕದ ಕಿಲೋಗೆ 0.7 ಮಿ.ಗ್ರಾಂ. 15 ಕಿಲೋ ಮಗುವಿಗೆ 10.5 ಮಿ.ಗ್ರಾಂ, ಅಂದರೆ ಹತ್ತೂವರೆ ಗ್ರಾಂ ದ್ರಾಕ್ಷಿಯಲ್ಲಿರುವಷ್ಟು. ಒಂದು ಹಿಡಿ ದ್ರಾಕ್ಷಿಗೇ ಲೆಕ್ಕ ತುಂಬಿತು. (ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯವರು 2022ರಲ್ಲಿ ಈ 0.7ನ್ನೇ ಕೈಬಿಟ್ಟರು.) ಬೆಂಜೊಯೇಟ್‌ಗೆ ಯಾವ ಸಂಖ್ಯೆ ಹಾಕಿದ್ದೀರಿ? ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ), ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ಸಮಿತಿ 2021ರಲ್ಲಿ 5ನ್ನು 20ಕ್ಕೆ ಏರಿಸಿದೆ. ಯುರೋಪು 2016ರಲ್ಲಿ 5 ಅಂದದ್ದು.

ಸುಮಾ, ಮೈಸೂರು:
ಸರ್, ಧನ್ಯವಾದ. ಯುರೋಪಿನ 5 ಹಾಕಿದ್ದೇನೆ, ಹಾಗಂತ ಬರೆದೂ ಇದ್ದೇನೆ. 'ಪ್ರಿಸರ್ವೇಟಿವ್' ಹಾಗೇ ಬಿಟ್ಟೆ, ಬಾಟಲಿ ಮೇಲೆ ಮಕ್ಕಳು ಓದುವುದೂ ಅದನ್ನೇ. ಎಡಿಐ ಕಾಲಂಗೆ 'ದಿನಕ್ಕೆ ಇದಕ್ಕಿಂತ ಹೆಚ್ಚು ಬೇಡ'. ಅತ್ತೆ ಪಾಸು ಮಾಡಿದರು. ಬೆಂಜೊಯೇಟ್ ಸಾಲಿನಲ್ಲಿ ಎಡಗಡೆ '20 ಗ್ರಾಂ ಉಪ್ಪಿನಕಾಯಿಯಿಂದ 5 ಮಿ.ಗ್ರಾಂ', ಬಲಗಡೆ '5 ಮಿ.ಗ್ರಾಂ'. ಫೈಲ್ ಕಳಿಸಿದೆ.

ನಂದೀಶ, ಹಾಸನ:
ಕಡತ.

ಎಂ.ಆರ್., ಮೈಸೂರು:
ಮೇಡಂ, ನಿಲ್ಲಿಸಿ! 'ಮೈತೂಕದ ಪ್ರತಿ ಕಿಲೋಗೆ' ಬಿಟ್ಟುಹೋಗಿದೆ. 60 ಕಿಲೋ ಇರುವವರಿಗೆ ಅದು 300 ಮಿ.ಗ್ರಾಂ. ಈಗಿರುವ ಹಾಗೆ ಓದಿದರೆ ಎರಡು ಚಮಚ ಉಪ್ಪಿನಕಾಯಿಗೇ ದಿನದ ಪಾಲು ಖರ್ಚು. ನಾಳೆ ಮೇಳದಲ್ಲಿ ಮಕ್ಕಳು ಊಟಕ್ಕೇ ಕೈ ಹಾಕುವುದಿಲ್ಲ.

ಸುಮಾ, ಮೈಸೂರು:
ಅಯ್ಯೋ. ಫೋನ್ ಮಾಡಿದೆ, ಪ್ರಿಂಟ್ ಆಗಿಹೋಗಿದೆಯಂತೆ. ಮೇಲೆ ಸ್ಟಿಕರ್ ಅಂಟಿಸಬೇಕು, ಜಾಗ ಎರಡೇ ಇಂಚು. 'ಮೈತೂಕದ ಪ್ರತಿ ಕಿಲೋಗ್ರಾಂಗೆ' ಹಿಡಿಯುತ್ತಿಲ್ಲ.

ಗಣಪತಿ, ಶಿರಸಿ:
ಅಕ್ಷರ ಸಣ್ಣ ಮಾಡಿ.

ಸುಮಾ, ಮೈಸೂರು:
ಮಾಡಿದರೆ ಒತ್ತಕ್ಷರ ಕಾಣುವುದಿಲ್ಲ.

ನಂದೀಶ, ಹಾಸನ:
'ಪ್ರತಿ' ತೆಗೆಯಿರಿ, ಅದು ಹೇಗೂ ಸಂಸ್ಕೃತ. ಗ್ರಾಂ ಕೂಡ ಬೇಡ. 'ಮೈತೂಕದ ಕಿಲೋಗೆ'. ಒತ್ತಕ್ಷರ ಒಂದೂ ಇಲ್ಲ, ಎರಡು ಇಂಚಿನಲ್ಲಿ ಕೂರುತ್ತದೆ.